ಬೇರಿನ ಸೊಟ್ಟ

ಮುಂದಿನ ಹಲ್ಲುಗಳ ಬೇರು ನೆಟ್ಟಗಿರುತ್ತದೆ ಎಂದೇ ನಂಬಿದ್ದೆ. ಮೇಲ್ದವಡೆಯಲ್ಲಿ ನಟ್ಟನಡುವಿನ ಹಲ್ಲಿನ ಪಕ್ಕದ ಬಾಚಿಹಲ್ಲಿಗೆ ರೂಟ್ ಕೆನಾಲ್ ಮಾಡಿಸಲು ಹೋದರೆ, ಎಕ್ಸ್‌ರೇಯಲ್ಲಿ ಬೇರಿನ ತುದಿ ಕೋರೆಹಲ್ಲಿನ ಕಡೆಗೆ ಕೊಕ್ಕೆಯಂತೆ ಬಾಗಿದೆ! "ಈ ಹಲ್ಲಿನ ಹಣೆಬರಹವೇ ಅಷ್ಟು, ಬಿಡಿ" ಎಂದ ಡಾಕ್ಟರಮ್ಮ, ಬೇರಿನ ನಾಳ ಉಜ್ಜುವ ಕೂದಲೆಳೆಯಂಥ ಸೂಜಿ, ಅಂದರೆ ಫೈಲಿನ ತುದಿಯನ್ನು ಚೂರೇ ಬಗ್ಗಿಸಿ ಒಳಗಿಳಿಸಿದರು.

ಇಂಥ ಬೇರು ಎಷ್ಟು ಜನರಿಗಿದೆ? ಉತ್ತರ ಅಳೆಯುವವರ ಕೈಯಲ್ಲಿದೆ. ಸೊಟ್ಟ ಬೇರು ಎನ್ನಲು 20 ಡಿಗ್ರಿ ಬಾಗಿದರೂ ಸಾಕು ಎನ್ನುವವರಿದ್ದಾರೆ, 90 ಡಿಗ್ರಿ ತಿರುಗಿದ್ದರೆ ಮಾತ್ರ ಎನ್ನುವವರೂ ಇದ್ದಾರೆ. ಮೊದಲನೆಯವರ ಪಟ್ಟಿ ಸಹಜವಾಗಿಯೇ ಉದ್ದ. ಎರಡನೆಯವರ ಲೆಕ್ಕದಲ್ಲಿ ಮುಂದಿನ ಹಲ್ಲುಗಳಿಗೆ ಇದು ಅಪರೂಪ, ದವಡೆಹಲ್ಲುಗಳಲ್ಲೇ ಹೆಚ್ಚು. ಸಾಲದ್ದಕ್ಕೆ, ಸಾಧಾರಣ ಎಕ್ಸ್‌ರೇ ಎಡಬಲದ ಬಾಗನ್ನಷ್ಟೇ ಚೆನ್ನಾಗಿ ತೋರಿಸುತ್ತದೆ. ಬೇರು ತುಟಿಯ ಕಡೆಗೋ ಅಂಗುಳದ ಕಡೆಗೋ ತಿರುಗಿದ್ದರೆ ಕಾಣುವುದು ತುದಿಯಲ್ಲೊಂದು ದುಂಡನೆಯ ಬಿಳಿ ಮಚ್ಚೆ, ಅದರ ನಡುವೆ ಕಪ್ಪು ಚುಕ್ಕೆ. ಅನುಭವವಿಲ್ಲದ ಕಣ್ಣು ಅದನ್ನು ದಾಟಿಯೇ ಹೋಗುತ್ತದೆ. ಹಾಗಾಗಿ ಬರೀ ಎಕ್ಸ್‌ರೇ ನೋಡಿ ಎಣಿಸಿದ ಅಂಕಿಗಳನ್ನು ನಾನಂತೂ ಪೂರ್ತಿ ನಂಬಲಾರೆ.

ಮುರಿದಂತೆ ತಿರುಗಿದ ಬೇರಿಗೆ ಬಹಳ ಹಿಂದಿನಿಂದ ಹೇಳುವ ಕಾರಣ ಬಾಲ್ಯದ ಪೆಟ್ಟು. ಮಗು ಮುಗ್ಗರಿಸಿ ಹಾಲುಹಲ್ಲು ಒಸಡಿನೊಳಗೆ ಹೊಕ್ಕರೆ, ಅಲ್ಲೇ ಬೆಳೆಯುತ್ತಿರುವ ಶಾಶ್ವತ ಹಲ್ಲಿನ ಮೊಳಕೆ ಜರುಗುತ್ತದೆ. ಬೇರು ಮುಂದೆ ಬೇರೆ ದಿಕ್ಕು ಹಿಡಿಯುತ್ತದೆ. ಪೆಟ್ಟೇ ಬೀಳದವರಲ್ಲೂ ಹೀಗಾಗುವುದುಂಟು. ನನ್ನದರಂಥ ಸಣ್ಣ ಬಾಗಿಗೆ ಪೆಟ್ಟಿನ ನೆಪ ಬೇಕಿಲ್ಲ. ಆದರೂ ಅಮ್ಮನಿಗೆ ಫೋನ್ ಮಾಡಿ, ಚಿಕ್ಕಂದಿನಲ್ಲಿ ಎಲ್ಲಾದರೂ ಬಿದ್ದಿದ್ದೆನೇ ಎಂದು ಕೇಳಿದೆ.

"ಎಲ್ಲಿ ಬಿದ್ದಿರಲಿಲ್ಲ ಎಂದು ಕೇಳು, ಹೇಳುತ್ತೇನೆ" ಎಂದರು.