ಮುಂದಿನ ತಿಂಗಳ ಕರೆಂಟ್ ರೇಟ್ ನನಗೂ ಗೊತ್ತಿಲ್ಲ

ವಿದ್ಯುತ್ ಮಾರುಕಟ್ಟೆಯನ್ನು ಕಂಪ್ಯೂಟರಿನಲ್ಲಿ ಸಿಮ್ಯುಲೇಶನ್ (ಅಂದರೆ ಅದರದ್ದೇ ಒಂದು ನಕಲು) ಮಾಡಿ ನೋಡುವುದು ನನ್ನ ಕೆಲಸ ಅಂತ ತಿಳಿದ ಕೂಡಲೇ ಎಲ್ಲರೂ ಕೇಳುವುದು ಒಂದೇ: ‘ಹಾಗಾದ್ರೆ ಮುಂದಿನ ತಿಂಗಳು ರೇಟ್ ಎಷ್ಟಾಗುತ್ತೆ?’ ಗೊತ್ತಿಲ್ಲ. ‘ಮತ್ತೆ ಯಾಕ್ರೀ ಮಾಡ್ತೀರಿ?’ ಒಂದು ನಿಯಮ ತಂದರೆ, ದುಡ್ಡು ಮಾಡಲು ಕೂತವರು ಅದರಲ್ಲಿ ಎಲ್ಲಿ ತೂರಿಕೊಳ್ಳುತ್ತಾರೆ ಅಂತ ಮೊದಲೇ ನೋಡುವುದಕ್ಕೆ.

ಸಣ್ಣ ಲೆಕ್ಕ ಹಾಕೋಣ. ಐದು ಕಂಪನಿಗಳಿವೆ, ಒಂದೊಂದರ ಸಾಮರ್ಥ್ಯ 220 ಮೆಗಾವ್ಯಾಟ್, ಒಟ್ಟು 1,100. ಈ ಗಂಟೆಯ ಬೇಡಿಕೆ 1,000. ಯೂನಿಟ್ ತಯಾರಿಸಲು ಎಲ್ಲರಿಗೂ 3 ರೂಪಾಯಿ ಖರ್ಚು. ವಿದ್ಯುತ್ ನಿಯಂತ್ರಣ ಆಯೋಗ ಹಾಕಿದ ಗರಿಷ್ಠ ಬೆಲೆ 10 ರೂಪಾಯಿ. (ನಮ್ಮ ದೇಶದ ವಿದ್ಯುತ್ ವಿನಿಮಯ ಕೇಂದ್ರಗಳಲ್ಲೂ 2023ರಲ್ಲಿ ಮಾಮೂಲಿ ವ್ಯವಹಾರಕ್ಕೆ ಇಷ್ಟೇ ಮಿತಿ ಹಾಕಿದರು.) ಕಡಿಮೆ ಬೆಲೆ ಕೂಗಿದವರಿಂದ ಮೊದಲು ಕೊಳ್ಳುವ ಹರಾಜಿನಲ್ಲಿ ಕೊನೆಯದಾಗಿ ಕೊಂಡ ಯೂನಿಟ್ಟಿನ ಬೆಲೆಯೇ ಎಲ್ಲರಿಗೂ ಸಿಗುತ್ತದೆ. ಯಾರ ಪಾಲೂ ಶೇ. 20 ದಾಟಿಲ್ಲ, ಸಾಮರ್ಥ್ಯವೂ ಬೇಡಿಕೆಗಿಂತ ಜಾಸ್ತಿ ಇದೆ. ಒಳ್ಳೇ ಪೈಪೋಟಿ ಅಲ್ವಾ?

ಒಂದು ಕಂಪನಿಯನ್ನು ಪಕ್ಕಕ್ಕಿಡಿ. ಉಳಿದ ನಾಲ್ಕೂ ಪೂರ್ತಿ ಓಡಿದರೂ ಸಿಗುವುದು 880. ಇನ್ನು 120 ಮೆಗಾವ್ಯಾಟ್ ಈ ಕಂಪನಿಯನ್ನು ಬಿಟ್ಟರೆ ಎಲ್ಲೂ ಇಲ್ಲ, ಅದು 10 ರೂಪಾಯಿ ಕೇಳಿದರೆ ಕೊಡಲೇಬೇಕು. ಒಂದು ಗಂಟೆಗೆ 1,20,000 ಯೂನಿಟ್, ಯೂನಿಟ್ಟಿಗೆ 7 ರೂಪಾಯಿ ಲಾಭ, ಅಂದರೆ 8,40,000 ರೂಪಾಯಿ. ಅದೂ 100 ಮೆಗಾವ್ಯಾಟ್ ಸುಮ್ನೆ ನಿಲ್ಲಿಸಿಕೊಂಡು! ಬೇಡಿಕೆ 850ಕ್ಕೆ ಇಳಿದರೆ ಈ ಆಟ ನಡೆಯೋದಿಲ್ಲ.

ಸಿಮ್ಯುಲೇಶನ್ನಿನಲ್ಲಿ ಒಂದೊಂದು ಕಂಪನಿಯೂ ಒಂದು ಪುಟ್ಟ ಪ್ರೋಗ್ರಾಮ್. ಬೆಲೆ ಕೂಗಿ ನೋಡುತ್ತದೆ, ಲಾಭ ಬಂದದ್ದನ್ನು ನೆನಪಿಟ್ಟುಕೊಳ್ಳುತ್ತದೆ, ಮತ್ತೆ ಕೂಗುತ್ತದೆ. ಯಾರೂ ಯಾರಿಗೂ ಫೋನ್ ಮಾಡುವುದಿಲ್ಲ, ಗುಟ್ಟಿನ ಮಾತುಕತೆ ಇಲ್ಲ, ಆದರೂ ಬೇಡಿಕೆ ಬಿಗಿಯಾದ ಗಂಟೆಗಳಲ್ಲಿ ಬೆಲೆ ಮೇಲೇರುವುದನ್ನು ಕಾಣಬಹುದು. ಈಗ ಒಂದೇ ಒಂದು ನಿಯಮ ಬದಲಿಸಿ: ಪ್ರತಿ ಕಂಪನಿಯೂ 150 ಮೆಗಾವ್ಯಾಟನ್ನು ಮೊದಲೇ ನಿಗದಿ ಬೆಲೆಗೆ ಮಾರಿರಬೇಕು. ಈಗ ಬೆಲೆ ಏರಿಸಿದವರು ಓಡಿಸುವುದು 120, ಕೊಡಬೇಕಾದದ್ದು 150. ಬಾಕಿ 30ನ್ನು ತಾವೇ 10 ರೂಪಾಯಿಗೆ ಕೊಳ್ಳಬೇಕು! ಬೆಲೆ ಏರಿಸುವ ಆಸೆ ಅಲ್ಲಿಗೆ ಮುಗಿಯಿತು. ಇಂಥ ಹೋಲಿಕೆಗೇ ನಾನು ಸಿಮ್ಯುಲೇಶನ್ನನ್ನು ನಂಬುವುದು, ಬೆಲೆಯ ಅಂಕಿಗಲ್ಲ.

ಕ್ಯಾಲಿಫೋರ್ನಿಯಾದಲ್ಲಿ 1998ರಲ್ಲಿ ಮಾರುಕಟ್ಟೆ ತೆರೆದಾಗ ದೊಡ್ಡ ವಿತರಣಾ ಕಂಪನಿಗಳು ಬಹುಪಾಲು ವಿದ್ಯುತ್ತನ್ನು ಹೆಚ್ಚುಕಡಿಮೆ ಆಯಾ ದಿನದ ಬೆಲೆಗೇ ಕೊಳ್ಳಬೇಕಿತ್ತು. ಸೆವೆರಿನ್ ಬೊರೆನ್‌ಸ್ಟೈನ್ ಮತ್ತು ಜೇಮ್ಸ್ ಬುಶ್ನೆಲ್ ಎಂಬ ಅರ್ಥಶಾಸ್ತ್ರಜ್ಞರು ಆ ಮಾರುಕಟ್ಟೆಯನ್ನು ಸಿಮ್ಯುಲೇಟ್ ಮಾಡಿ, ಬೇಡಿಕೆ ಹೆಚ್ಚಿದ ಗಂಟೆಗಳಲ್ಲಿ ದೊಡ್ಡ ಉತ್ಪಾದಕರು ಬೆಲೆ ಏರಿಸಬಲ್ಲರು ಅಂತ 1999ರಲ್ಲೇ ಪ್ರಕಟಿಸಿದ್ದರು. 2000ದ ಬೇಸಿಗೆಯಲ್ಲಿ ಸಗಟು ಬೆಲೆ ಹಾರಿತು. ಆದರೆ ಬಹುತೇಕ ಗ್ರಾಹಕರ ದರ ಏರಿಸುವಂತಿರಲಿಲ್ಲ. 2001ರ ಜನವರಿಯಲ್ಲಿ ಸರದಿ ಪ್ರಕಾರ ಕರೆಂಟ್ ತೆಗೆದರು, ಏಪ್ರಿಲ್‌ನಲ್ಲಿ ಪಿಜಿ ಅಂಡ್ ಇ ಎಂಬ ದೊಡ್ಡ ವಿತರಣಾ ಕಂಪನಿ ದಿವಾಳಿ ಅರ್ಜಿ ಹಾಕಿತು. ಆ ಅರ್ಥಶಾಸ್ತ್ರಜ್ಞರು ಭವಿಷ್ಯ ನುಡಿದರು ಅಂತ ನಾನು ಹೇಳುತ್ತಿಲ್ಲ. ಆ ವರ್ಷ ಜಲವಿದ್ಯುತ್ ಕಡಿಮೆಯಾದದ್ದು, ಗ್ಯಾಸ್ ಬೆಲೆ ಏರಿದ್ದು ಯಾವ ಮಾಡೆಲ್ಲಿಗೂ ಮೊದಲೇ ಗೊತ್ತಾಗುವಂಥದ್ದಲ್ಲ. ತೂತು ಎಲ್ಲಿದೆ ಅಂತ ತೋರಿಸಿದ್ದರು, ಅಷ್ಟೇ.

ಕಾಣದ ತೂತುಗಳೂ ಇರುತ್ತವೆ. ಅದೇ ಕ್ಯಾಲಿಫೋರ್ನಿಯಾದಲ್ಲಿ ವಿದ್ಯುತ್ ವ್ಯಾಪಾರ ಮಾಡುತ್ತಿದ್ದ ಎನ್ರಾನ್ ಕಂಪನಿಯವರ ‘ಡೆತ್ ಸ್ಟಾರ್’ ಎಂಬ ಉಪಾಯ ನೋಡಿ: ಲೈನ್‌ಗಳಲ್ಲಿ ದಟ್ಟಣೆ ಇಳಿಸುತ್ತೇವೆ ಅಂತ ಸುತ್ತುಬಳಸಿ ವಿದ್ಯುತ್ ಸಾಗಿಸುವ ಪಟ್ಟಿ ಕೊಟ್ಟು, ನಿಜವಾಗಿ ಏನನ್ನೂ ಸಾಗಿಸದೆ ದುಡ್ಡು ಎಣಿಸಿಕೊಂಡರು. ಬರೀ ಬೆಲೆ ಕೂಗಲು ಕಲಿಸಿದ ಪ್ರೋಗ್ರಾಮಿಗೆ ಇದು ಹೊಳೆಯುವುದೇ ಇಲ್ಲ. ಈಗೀಗ ಸಿಮ್ಯುಲೇಶನ್ನಿನ ಕಂಪನಿಗಳಿಗೆ ಕಟ್ಟುಪಾಡು ಕಡಿಮೆ ಇಟ್ಟು, ಅವೇ ದಾರಿ ಹುಡುಕಿಕೊಳ್ಳಲಿ ಅಂತ ಬಿಡುವ ಪ್ರಯತ್ನಗಳೂ ನಡೆದಿವೆ. ಅಂಥ ಸಿಮ್ಯುಲೇಶನ್ ಓಡಲು ಸಮಯ ಜಾಸ್ತಿ ಬೇಕು. ಪ್ರೋಗ್ರಾಮ್ ಯಾಕೆ ಹಾಗೆ ಮಾಡಿತು ಅಂತ ಆಯೋಗದವರಿಗೆ ಬಿಡಿಸಿ ಹೇಳುವುದು ಇನ್ನೂ ಕಷ್ಟ.