ಮಣ್ಣಲ್ಲಿ ಚಿತ್ರ ಬರೆಸಿದರೆ ಹೊಲಕ್ಕೇನು ಬಂತು?

ಹಾಸನದ ಸುತ್ತಮುತ್ತಲ ಹಳ್ಳಿಗಳಲ್ಲಿ ಮಕ್ಕಳ ಕೈಲಿ, ಅವರ ಮನೆಯವರ ಕೈಲಿ ಮಣ್ಣಿನ ಬಣ್ಣದಿಂದ ಚಿತ್ರ ಬರೆಸುತ್ತೇನೆ. ಎಲ್ಲಿಗೆ ಹೋದರೂ ಒಬ್ಬರಾದರೂ ಕೇಳಿಯೇ ಕೇಳುತ್ತಾರೆ: "ಮೇಷ್ಟ್ರೇ, ಚಿತ್ರ ಚೆನ್ನಾಗಿದೆ. ಇದರಿಂದ ಹೊಲಕ್ಕೇನು ಬಂತು?" ಕೇಳುವವರು ಶುಂಠಿಯನ್ನೋ ಆಲೂಗಡ್ಡೆಯನ್ನೋ ಹಾಕಿ ಕೈ ಸುಟ್ಟುಕೊಂಡವರು. ಅವರು ಕೇಳಬೇಕಾದ ಪ್ರಶ್ನೆಯೇ ಇದು.

ನೇರವಾಗಿ ಹೇಳಿಬಿಡುತ್ತೇನೆ. ಚಿತ್ರದಿಂದ ಹೊಲಕ್ಕೆ ಏನೂ ಬರುವುದಿಲ್ಲ. ಆದರೆ ಚಿತ್ರದ ನೆಪದಲ್ಲಿ ಜನ ತಮ್ಮ ಹೊಲದ ಮಣ್ಣನ್ನು ಕೈಯಲ್ಲಿ ಹಿಡಿದು, ಪಕ್ಕದ ಹೊಲದವರ ಮಣ್ಣಿನ ಜೊತೆ ಇಟ್ಟು ನೋಡುತ್ತಾರೆ. ಭಾಷಣಕ್ಕೆ ಕರೆದರೆ ಯಾರೂ ಮಣ್ಣು ತರುವುದಿಲ್ಲ, ಅಲ್ವಾ?

ಪ್ರತಿ ಮನೆಯಿಂದ ಎರಡು ಕಡೆಯ ಮಣ್ಣು ತರಲು ಹೇಳುತ್ತೇನೆ. ಒಂದು ಹೊಲದ ನಡುವಿನದು. ಇನ್ನೊಂದು ಅದೇ ಹೊಲದ ಬದುವಿನಲ್ಲಿರುವ ಹೊಂಗೆ ಮರದ ಬುಡದ್ದು. ಎರಡನ್ನೂ ನೆರಳಲ್ಲಿ ಒಣಗಿಸಿ, ಕುಟ್ಟಿ, ಹಳೇ ಪಂಚೆಯಲ್ಲಿ ಸೋಸಿ ನೀರಿಗೆ ಹಾಕುತ್ತೇವೆ. ಮರಳು ಕೂಡಲೇ ತಳ ಸೇರುತ್ತದೆ. ಮೇಲಿನ ಕದಡಿದ ನೀರನ್ನು ಬೇರೆ ಪಾತ್ರೆಗೆ ಬಗ್ಗಿಸಿ ರಾತ್ರಿಯಿಡೀ ಬಿಟ್ಟರೆ ಬೆಳಿಗ್ಗೆಗೆ ನುಣ್ಣನೆಯ ಕೆಸರು ಸಿಗುತ್ತದೆ. ಅದಕ್ಕೆ ಸ್ವಲ್ಪ ಗೋಂದು ಕಲಸಿದರೆ ಬಣ್ಣ ರೆಡಿ. ಎರಡನ್ನೂ ಹಾಳೆಯ ಮೇಲೆ ಅಕ್ಕಪಕ್ಕ ಬಳಿದಾಗ ಬದುವಿನ ಮಣ್ಣು ಕಪ್ಪಗೆ ಕಾಣುತ್ತದೆ, ಹೊಲದ್ದು ಪೇಲವವಾಗಿ. "ಇದು ನಮ್ಮ ಹೊಲದ್ದೇನಾ?" ಅಂತ ಅಪ್ಪಂದಿರೇ ಬಗ್ಗಿ ನೋಡುತ್ತಾರೆ.

ಹೌದು, ಒಂದೇ ಹೊಲ. ಮರದ ಬುಡದಲ್ಲಿ ಎಲೆ ಬಿದ್ದು ಕೊಳೆತು ಅಲ್ಲೇ ಉಳಿದಿದೆ. ಹೊಲದಲ್ಲಿ ವರ್ಷ ವರ್ಷ ಉಳುತ್ತೇವೆ, ಕಸ ಕಡ್ಡಿ ಎತ್ತಿ ಸುಡುತ್ತೇವೆ, ಬಿಸಿಲಿಗೆ ಬರಿಮೈಯಲ್ಲಿ ಬಿಡುತ್ತೇವೆ. ಆಮೇಲೆ ಎರಡು ಗಾಜಿನ ಲೋಟದಲ್ಲಿ ನೀರು ತುಂಬಿ ಎರಡೂ ಕಡೆಯ ಒಣ ಹೆಂಟೆಗಳನ್ನು ಬಿಡುತ್ತೇವೆ. ಬದುವಿನ ಹೆಂಟೆ ಸಾಮಾನ್ಯವಾಗಿ ಬಹಳ ಹೊತ್ತು ಹಾಗೇ ಕೂತಿರುತ್ತದೆ. ಹೊಲದ್ದು ಗುಳ್ಳೆ ಬಿಡುತ್ತಾ ಕರಗಿ ನೀರೆಲ್ಲಾ ಕದಡಿಹೋಗುತ್ತದೆ. ಕೊಳೆತ ಎಲೆ, ಬೇರು, ಬೂಷ್ಟಿನ ಎಳೆಗಳು ಸೇರಿ ಮಣ್ಣಿನ ಕಣಗಳನ್ನು ಹಿಡಿದಿಡುವುದರಿಂದ ಹೀಗಾಗುತ್ತದೆ. ಜೂನ್ ಮಳೆಗೆ ಯಾವ ಮಣ್ಣು ಹೊಲದಲ್ಲಿ ನಿಲ್ಲುತ್ತದೆ, ಯಾವುದು ಕೊಚ್ಚಿಹೋಗುತ್ತದೆ ಅಂತ ಆಮೇಲೆ ನಾನು ವಿವರಿಸಬೇಕಾಗಿಲ್ಲ.

ದೊಡ್ಡವರಿಗೆ ಇನ್ನೊಂದು ಕೆಲಸ ಇದೆ, ನನಗೆ ಇದೇ ಜಾಸ್ತಿ ಇಷ್ಟ. ಅರಳಿಕಟ್ಟೆ ಮುಂದೆ ನೆಲ ಸಾರಿಸಿ ಊರಿನ ನಕ್ಷೆ ಬರೆಯುತ್ತೇವೆ. ರಂಗೋಲಿ ಹಾಕಿ ಪಳಗಿದ ಹೆಂಗಸರೇ ಗೆರೆ ಎಳೆಯುತ್ತಾರೆ. ಅವರವರ ಹೊಲವನ್ನು ಅವರವರ ಮಣ್ಣಿನಿಂದಲೇ ತುಂಬಬೇಕು. ಕೊನೆಗೆ ಮಳೆನೀರು ಹರಿಯುವ ದಾರಿ ಗುರುತಿಸಿ ಅಂದರೆ ಗೆರೆಗಳೆಲ್ಲಾ ಕೆರೆಗೆ ಹೋಗಿ ಸೇರುತ್ತವೆ. ಶುಂಠಿಗೆ ನೀರು ನಿಲ್ಲಬಾರದು, ನಿಂತರೆ ಗೆಡ್ಡೆ ಕೊಳೆಯುತ್ತದೆ ಅಂತ ಕೆಲವರು ಮಡಿಗಳನ್ನು ಇಳಿಜಾರಿನ ಕಡೆಗೇ ಬಿಟ್ಟಿರುತ್ತಾರೆ. ಅಲ್ಲಿಂದ ನೀರಿನ ಜೊತೆ ಮೇಲ್ಮಣ್ಣೂ ಇಳಿಯುತ್ತದೆ. ಒಂದು ಇಂಚು ಮೇಲ್ಮಣ್ಣು ಆಗಲು ನೂರಾರು ವರ್ಷ ಬೇಕು. ಹೋಗಲು ಕೆಲವು ಮಳೆಗಾಲ ಸಾಕು. ಆಗ ವಯಸ್ಸಾದವರು ಬಾಯಿಬಿಡುತ್ತಾರೆ: ಹಿಂದೆ ಬೇಸಿಗೆ ಬಂದರೆ ಗಾಡಿ ಕಟ್ಟಿಕೊಂಡು ಹೋಗಿ ಕೆರೆ ಗೋಡು, ಅಂದರೆ ತಳದ ಹೂಳುಮಣ್ಣು, ತಂದು ಹೊಲಕ್ಕೆ ಹರಡುತ್ತಿದ್ದೆವು ಅಂತ. ಅಂದರೆ ಹೋದ ಮಣ್ಣನ್ನೇ ವಾಪಸ್ ತರುತ್ತಿದ್ದರು. ಕೆರೆಯ ಹೂಳೂ ಕಮ್ಮಿಯಾಗುತ್ತಿತ್ತು. ಇದನ್ನು ನಾನು ಹೇಳಿದರೆ ಉಪದೇಶ, ಊರಿನ ಅಜ್ಜ ಹೇಳಿದರೆ ಅದರ ತೂಕವೇ ಬೇರೆ.

ಚಿತ್ರಕ್ಕೆ ಗೊತ್ತಾಗದ್ದೂ ಇದೆ. ಸಕಲೇಶಪುರದ ಕೆಮ್ಮಣ್ಣು ಹಾಳೆ ಮೇಲೆ ಎಷ್ಟು ಚೆಂದ! ಕೆಂಪು ಬರುವುದು ಅದರಲ್ಲಿರುವ ಕಬ್ಬಿಣದಿಂದ. ಆದರೆ ಜೋರು ಮಳೆಗೆ ಸುಣ್ಣದ ಅಂಶವೆಲ್ಲಾ ತೊಳೆದುಹೋಗಿ ಅಲ್ಲಿನ ಮಣ್ಣು ಹುಳಿಯಾಗಿರುತ್ತದೆ, ಅದಕ್ಕೇ ಕಾಫಿ ತೋಟದವರು ಸುಣ್ಣ ಹಾಕುವುದು. ಹುಳಿ ಎಷ್ಟಿದೆ ಅಂತ ಬಣ್ಣ ನೋಡಿ ಹೇಳಲು ಆಗುವುದಿಲ್ಲ. ಅದಕ್ಕೆ ಪರೀಕ್ಷೆಯೇ ಆಗಬೇಕು. ಮಣ್ಣು ಪರೀಕ್ಷೆ ಮಾಡಿ ಸರ್ಕಾರ ಕೊಡುವ, 2015ರಲ್ಲಿ ಶುರುವಾದ ಮಣ್ಣು ಆರೋಗ್ಯ ಕಾರ್ಡ್‌ನಲ್ಲಿ ರಸಸಾರ (ಹುಳಿ ಎಷ್ಟಿದೆ ಅನ್ನುವ ಅಳತೆ), ಸಾವಯವ ಇಂಗಾಲ, ಸತು, ಬೋರಾನ್ ಸೇರಿ 12 ಅಂಶಗಳಿರುತ್ತವೆ. ಎಷ್ಟೋ ಮನೆಗಳಲ್ಲಿ ಅದು ಬೀರುವಿನಲ್ಲಿ ಸುಮ್ನೆ ಕೂತಿದೆ. ಬಣ್ಣ ಬಳಿದ ಮೇಲೆ ಅದನ್ನು ಹುಡುಕಿ ತಂದು "ಇದೇನು ಬರೆದಿದಾರೆ ಸ್ವಲ್ಪ ಹೇಳಿ" ಅಂತ ಕೇಳುತ್ತಾರೆ. ಕಾರ್ಡ್ ಇಲ್ಲದವರಿಗೆ ಹಾಸನದ ಹತ್ತಿರದ ಕಂದಲಿಯ ಕೃಷಿ ವಿಜ್ಞಾನ ಕೇಂದ್ರದಲ್ಲೋ ರೈತ ಸಂಪರ್ಕ ಕೇಂದ್ರದಲ್ಲೋ ವಿಚಾರಿಸಿ ಅನ್ನುತ್ತೇನೆ. ಒಂದು ಎಚ್ಚರ: ಪರೀಕ್ಷೆಗೆ ಕೊಡುವ ಮಣ್ಣನ್ನು ಬದುವಿನಿಂದ, ಮರದ ಬುಡದಿಂದ, ತಿಪ್ಪೆ ಪಕ್ಕದಿಂದ ತೆಗೆಯಬಾರದು. ಹೊಲದ ಹಲವು ಕಡೆ ಆರಿಂಚು ಆಳದವರೆಗೆ ಕೆರೆದು, ಎಲ್ಲಾ ಬೆರೆಸಿ, ಅದರಲ್ಲಿ ಅರ್ಧ ಕೇಜಿ ಕೊಟ್ಟರೆ ಸಾಕು.

ಕರೆಯುವ ಶಾಲೆಯವರಿಗೆ, ಸಂಘದವರಿಗೆ ಒಂದು ಮಾತು. ಡಿಸೆಂಬರ್ 5 ವಿಶ್ವ ಮಣ್ಣು ದಿನ, ನಿಜ. ಆದರೆ ಆಗ ಜನ ರಾಗಿ ಕೊಯ್ಲು, ಕಣ ಅಂತ ಓಡಾಡುತ್ತಿರುತ್ತಾರೆ. ಶುಂಠಿ ಊರುಗಳಿಗೆ ಸಂಕ್ರಾಂತಿ ಕಳೆದ ಮೇಲೆ, ಗೆಡ್ಡೆ ನಾಟಿಗೆ ಮುಂಚೆ ಕರೆಯಿರಿ. ಮಡಿ ಯಾವ ಕಡೆಗೆ ಮಾಡಬೇಕು ಅಂತ ಯೋಚಿಸಲು ಆಗಿನ್ನೂ ಸಮಯ ಇರುತ್ತದೆ. ರಾಗಿ, ಜೋಳದ ಊರುಗಳಿಗೆ ಯುಗಾದಿಯಲ್ಲಿ ಹೊನ್ನಾರು (ವರ್ಷದ ಮೊದಲ ಉಳುಮೆಯ ಶಾಸ್ತ್ರ) ಕಟ್ಟಿದ ಮೇಲೆ ಬರುತ್ತೇನೆ. ಆಗ ಕೆರೆ ಬತ್ತಿರುತ್ತದೆ. ನಕ್ಷೆ ನೋಡಿದವರು ಮನಸ್ಸು ಮಾಡಿದರೆ, ಪಂಚಾಯಿತಿಯಲ್ಲಿ ಕೇಳಿಕೊಂಡು ಮಳೆ ಹಿಡಿಯುವುದರೊಳಗೆ ಗೋಡು ಹೊಡೆಯಬಹುದು.