ಪಾಸಾದರೆ ಏನ್ಮಾಡೋದು ಮಿಸ್?

ನಮ್ಮದು ಚಿತ್ರದುರ್ಗ ಜಿಲ್ಲೆಯ ಒಂದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ. ಒಂದರಿಂದ ಐದನೇ ತರಗತಿವರೆಗೆ ಇಬ್ಬರೇ ಶಿಕ್ಷಕರು. ಐದನೇ ತರಗತಿಯಲ್ಲಿ ಒಂದು ವರ್ಷ ಏಳು ಮಕ್ಕಳಿದ್ದರೆ ಇನ್ನೊಂದು ವರ್ಷ ಹನ್ನೊಂದು. ಅವರನ್ನು ಕೇಂದ್ರ ಸರ್ಕಾರದ ನವೋದಯ ಶಾಲೆಗೆ ಆರನೇ ತರಗತಿಗೆ ಸೇರಲು ಬರೆಯುವ ಪ್ರವೇಶ ಪರೀಕ್ಷೆಗೆ ಕೂರಿಸಲು ಶುರು ಮಾಡಿ ಎಂಟು ವರ್ಷವಾಯಿತು. ಮೊದಲ ವರ್ಷ ನಾನು ಮಾಡಿದ ಎಡವಟ್ಟನ್ನು ಮೊದಲೇ ಹೇಳಿಬಿಡುತ್ತೇನೆ.

ಪರೀಕ್ಷೆ ಶನಿವಾರ. ಶುಕ್ರವಾರ ಸಂಜೆ ಆರು ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಭಾಷಣ ಮಾಡಿದೆ. "ಯಾರೂ ಹೆದರಬೇಡಿ. ಇದು ಜೀವನದಲ್ಲಿ ಒಂದೇ ಸಲ ಬರೆಯೋ ಪರೀಕ್ಷೆ. ನಮ್ಮ ಶಾಲೆ ಹೆಸರು ನಿಮ್ಮ ಕೈಯಲ್ಲಿದೆ." ಈಗ ನೆನಪಾದರೆ ನಗು ಬರುತ್ತದೆ, ನಾಚಿಕೆಯೂ ಆಗುತ್ತದೆ. ಹೆದರಬೇಡಿ ಅಂತ ಹೇಳಿದ್ದು ಒಂದು ಸಲ, ಹೆದರೋದಕ್ಕೆ ಕಾರಣ ಕೊಟ್ಟಿದ್ದು ಎರಡು. ಒಂದೇ ಸಲ ಅನ್ನೋದು ಸುಳ್ಳಲ್ಲ. ಆರನೇ ತರಗತಿಯ ಈ ಪರೀಕ್ಷೆಯನ್ನು ಒಂದು ಮಗು ಎರಡನೇ ಸಲ ಬರೆಯುವ ಹಾಗಿಲ್ಲ. ಆದರೆ ನಿಜ ಅಂತ ಹತ್ತು ವರ್ಷದ ಮಗುವಿಗೆ ಅದನ್ನು ಹಿಂದಿನ ದಿನ ಸಂಜೆಯೇ ಹೇಳಬೇಕಿತ್ತಾ?

ಮರುದಿನ ಒಬ್ಬ ಹುಡುಗ ಬಸ್ಸಿನಲ್ಲೇ ವಾಂತಿ ಮಾಡಿಕೊಂಡ. ಕ್ಲಾಸಿಗೇ ಚೆನ್ನಾಗಿ ಓದುತ್ತಿದ್ದ ಹುಡುಗಿ ಹೊರಗೆ ಬಂದಾಗ ಮುಖ ಸಪ್ಪಗಿತ್ತು. ಏನಾಯ್ತು ಅಂದೆ. ನಡುವೆ ಒಂದು ಪ್ರಶ್ನೆ ಬಿಟ್ಟಿದ್ದಾಳೆ. ಅದರ ಮುಂದಿನ ಉತ್ತರವನ್ನು ಬಿಟ್ಟ ಪ್ರಶ್ನೆಯ ಸಾಲಿನಲ್ಲೇ ತುಂಬಿದ್ದಾಳೆ. ಅಲ್ಲಿಂದ ಎಲ್ಲವೂ ಒಂದೊಂದು ಸಾಲು ಮೇಲಕ್ಕೆ. ಗೊತ್ತಾಗುವಷ್ಟರಲ್ಲಿ ಹತ್ತು ನಿಮಿಷ ಉಳಿದಿತ್ತು. "ಪೆನ್ನಲ್ಲಿ ಬರೆದಿದ್ದು ಮಿಸ್, ರಬ್ಬರಲ್ಲಿ ಹೋಗಲಿಲ್ಲ" ಅಂದಳು.

ಆ ಮಾತು ನನ್ನನ್ನು ಬಹಳ ದಿನ ಕಾಡಿತು. ಉತ್ತರದ ಗುಂಡು ತುಂಬುವ ಓಎಂಆರ್ ಹಾಳೆಗೆ ಬಾಲ್ ಪೆನ್ನೇ ಬೇಕು ಅಂತ ನನಗೆ ಗೊತ್ತಿತ್ತು. ಆದರೂ ಆರು ತಿಂಗಳು ಪೆನ್ಸಿಲ್ಲಿನಲ್ಲೇ ಅಭ್ಯಾಸ ಮಾಡಿಸಿದ್ದೆ. ಲೆಕ್ಕ ಕಲಿಸಿದ್ದೆ, ಹಾಳೆ ತುಂಬೋದನ್ನು ಕಲಿಸಿರಲಿಲ್ಲ.

ಆಮೇಲೆ ಯೋಚಿಸುತ್ತಾ ಹೋದೆ. ನಮ್ಮ ಮಕ್ಕಳು ಮೂರನೇ ತರಗತಿವರೆಗೆ ನಲಿಕಲಿಯಲ್ಲಿ ಕಲಿತವರು. ನೆಲದ ಮೇಲೆ ಗುಂಪಾಗಿ, ಒಬ್ಬರ ತೊಡೆಗೆ ಒಬ್ಬರ ತೊಡೆ ತಾಗಿಸಿಕೊಂಡು ಕೂತವರು. ಗೊತ್ತಾಗದಿದ್ದರೆ ಪಕ್ಕದವಳನ್ನು ಕೇಳೋದೇ ಅಲ್ಲಿನ ಪದ್ಧತಿ. ಅಂಥ ಮಗುವನ್ನು ಒಂದು ದಿನ ತಾಲ್ಲೂಕು ಕೇಂದ್ರದ ದೊಡ್ಡ ಹೈಸ್ಕೂಲಿಗೆ ಕರೆದುಕೊಂಡು ಹೋಗುತ್ತೇವೆ. ಕಾಲು ನೆಲಕ್ಕೆ ತಾಗದ ಬೆಂಚಿನ ಮೇಲೆ ಒಂಟಿಯಾಗಿ ಕೂರಿಸುತ್ತೇವೆ. ಹೆಸರು ಹೋಗಿ ನಂಬರ್ ಬರುತ್ತದೆ. ಮುಖ ನೋಡಿರದ ಮೇಷ್ಟ್ರು "ಸೈಲೆನ್ಸ್" ಅನ್ನುತ್ತಾರೆ. ಮಗು ಹೆದರದೆ ಇದ್ದರೆ ಅದೇ ಆಶ್ಚರ್ಯ ಅಲ್ವಾ?

ಹಾಗಾಗಿ ಈಗ ಧೈರ್ಯದ ಮಾತು ಕಡಿಮೆ ಮಾಡಿದ್ದೇನೆ, ತಾಲೀಮು ಜಾಸ್ತಿ ಮಾಡಿದ್ದೇನೆ. ಶನಿವಾರ ನಮಗೆ ಬೆಳಗಿನ ಶಾಲೆ. ಶಾಲೆ ಬಿಟ್ಟ ಮೇಲೆ ಐದನೇ ತರಗತಿಯವರು ಉಳಿಯುತ್ತಾರೆ. ಪರೀಕ್ಷೆಯ ಹೊತ್ತಿಗೇ, ಅಂದರೆ ಹನ್ನೊಂದೂವರೆಯಿಂದ ಒಂದೂವರೆ, ದೂರ ದೂರ ಕೂತು ಬರೆಯುತ್ತಾರೆ. 2 ಗಂಟೆ, 80 ಪ್ರಶ್ನೆ, 100 ಅಂಕ. ಪಕ್ಕದೂರಿನ ಶಾಲೆಯಿಂದ ಒಬ್ಬ ಮೇಷ್ಟ್ರನ್ನು ಮೇಲ್ವಿಚಾರಣೆಗೆ ಕರೆಸುತ್ತೇನೆ. ಅವರದು ದಪ್ಪ ಮೀಸೆ, ಗಡುಸು ದನಿ. ನಕ್ಕರೆ ಕೆಲಸ ಕೆಡುತ್ತದೆ ಅಂತ ಅವರಿಗೆ ಮೊದಲೇ ಹೇಳಿರುತ್ತೇನೆ. ಮಕ್ಕಳು ಅವರನ್ನು "ಸರ್, ನೀರು ಕುಡಿಬೇಕು", "ಸರ್, ಒಂದಕ್ಕೆ ಹೋಗ್ಬೇಕು" ಅಂತ ಕೇಳಲೇಬೇಕು. ಇದೂ ತಾಲೀಮೇ. ಮೊದಲ ವಾರ ಒಬ್ಬರಿಗೂ ಬಾಯಿ ಬರುವುದಿಲ್ಲ. ಒಬ್ಬ ಹುಡುಗ ಅಂತೂ ಎರಡು ಗಂಟೆ ಹಾಗೇ ತಡೆದುಕೊಂಡು ಕೂತಿದ್ದ, ಪಾಪ. ಅಂಥ ಮಗುವಿಗೆ ಮಗ್ಗಿ ಎಲ್ಲಿ ನೆನಪಾಗಬೇಕು?

ಓಎಂಆರ್ ಹಾಳೆಯನ್ನು ಜೆರಾಕ್ಸ್ ಮಾಡಿಸಿ ಬಾಲ್ ಪೆನ್ನಿನಲ್ಲೇ ತುಂಬಿಸುತ್ತೇನೆ. ಎಡಗೈ ಬೆರಳು ಪ್ರಶ್ನೆಯ ನಂಬರಿನ ಮೇಲೆ, ಪೆನ್ನು ಹಾಳೆಯಲ್ಲಿ ಅದೇ ನಂಬರಿನ ಮೇಲೆ. ಬೇಕಂತಲೇ ನಾಲ್ಕು ಪ್ರಶ್ನೆ ಬಿಟ್ಟು ಮುಂದೆ ಹೋಗಿ ಅನ್ನುತ್ತೇನೆ. ಬಿಟ್ಟು ಮುಂದೆ ಹೋಗೋದು ತಪ್ಪಲ್ಲ ಅಂತ ಕೈಗೇ ಗೊತ್ತಾಗಬೇಕು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ ಅನ್ನೋದನ್ನೂ ಬಾಯಿಪಾಠ ಮಾಡಿಸುತ್ತೇನೆ. ಈ ಒಂದು ಮಾತಿಗೆ ಮಕ್ಕಳ ಮುಖ ಎಷ್ಟು ಅರಳುತ್ತದೆ ಅಂತೀರಿ! ಮೊದಲ 40 ಪ್ರಶ್ನೆ ಬರೀ ಚಿತ್ರಗಳದ್ದು. ಕನ್ನಡಿ ಬಿಂಬ, ಕಾಗದ ಮಡಚಿ ತೂತು ಮಾಡೋದು, ದೊಡ್ಡ ಚಿತ್ರದಲ್ಲಿ ಸಣ್ಣ ಚಿತ್ರ ಹುಡುಕೋದು. ಹಳೇ ಪೇಪರ್ ಮಡಚಿ ಕಡ್ಡಿಯಿಂದ ತೂತು ಮಾಡಿ ಬಿಡಿಸಿ ನೋಡಿದರೆ ಅದು ಪರೀಕ್ಷೆ ಅನ್ನಿಸುವುದೇ ಇಲ್ಲ, ಆಟ.

ಇನ್ನು ಹೊಟ್ಟೆ. ಒಂದು ಗಂಟೆ ಹೊತ್ತಿಗೆ ನಮ್ಮ ಮಕ್ಕಳಿಗೆ ಬಿಸಿಯೂಟದ ನೆನಪಾಗುತ್ತದೆ. ಅವತ್ತು ಆ ಹೊತ್ತಲ್ಲಿ ಪರೀಕ್ಷೆ ಮುಗಿಯೋಕೆ ಇನ್ನೂ ಅರ್ಧ ಗಂಟೆ ಇರುತ್ತದೆ. ಶನಿವಾರದ ತಾಲೀಮಿನಿಂದ ಅದೂ ಅಭ್ಯಾಸವಾಯಿತು. ಪರೀಕ್ಷೆ ದಿನ ಬೆಳಿಗ್ಗೆ ಮನೆಯಲ್ಲಿ ದಿನಾ ತಿನ್ನೋದನ್ನೇ ತಿನ್ನಿಸಿ, ಹೊಸದೇನೂ ಬೇಡ ಅಂತ ಅಮ್ಮಂದಿರಿಗೆ ಹೇಳುತ್ತೇನೆ. ಒಂದು ವರ್ಷ ಒಬ್ಬನಿಗೆ ಅವನಜ್ಜಿ ಒಳ್ಳೇದಾಗಲಿ ಅಂತ ಒಬ್ಬಟ್ಟು ತಿನ್ನಿಸಿ ಕಳಿಸಿದ್ದರು. ಮುಂದಿನದು ಹೇಳೋದು ಬೇಡ.

ಉಸಿರಾಟದ ವಿಷಯವನ್ನೂ ಹೇಳಬೇಕು. "ಕಣ್ಣು ಮುಚ್ಚಿ ದೀರ್ಘವಾಗಿ ಉಸಿರು ಎಳೆದುಕೊಳ್ಳಿ" ಅಂದರೆ ನಮ್ಮ ಮಕ್ಕಳು ಎದೆ ಉಬ್ಬಿಸಿ, ಕಣ್ಣು ಬಿಗಿ ಹಿಡಿದು, ಇನ್ನಷ್ಟು ಸೆಟೆದುಕೊಳ್ಳುತ್ತಿದ್ದರು. ಎದೆಬಡಿತ ಇಳಿಯೋದು ಉಸಿರನ್ನು ನಿಧಾನವಾಗಿ ಹೊರಗೆ ಬಿಟ್ಟಾಗ. ಅದನ್ನು ಹೇಗೆ ಹೇಳೋದು ಅಂತ ಯೋಚಿಸುವಾಗ ಕ್ಷೀರಭಾಗ್ಯದ ಹಾಲು ನೆನಪಾಯಿತು. ಬಿಸಿ ಹಾಲಿನ ಲೋಟ ಹಿಡಿದು ಊದುತ್ತಾರಲ್ಲ, ಹಾಗೆ. ಜೋರಾಗಿ ಊದಿದರೆ ಹಾಲು ಚೆಲ್ಲುತ್ತದೆ. ಮೆಲ್ಲಗೆ, ಉದ್ದಕ್ಕೆ ಊದಬೇಕು. "ಹಾಲು ಊದಿ" ಅಂದರೆ ಸಾಕು, ಈಗ ಎಲ್ಲರಿಗೂ ಗೊತ್ತು. ಪರೀಕ್ಷೆಯ ಕೋಣೆಯಲ್ಲಿ ಐದು ಸಲ ಊದಿದರೂ ಪಕ್ಕದವರಿಗೆ ಗೊತ್ತಾಗುವುದಿಲ್ಲ.

ಇಷ್ಟೆಲ್ಲ ಮಾಡಿ, ಪರವಾಗಿಲ್ಲ, ನಾನು ಕಲಿತೆ ಅಂದುಕೊಂಡಿದ್ದೆ. ಆಮೇಲೆ ಚೀಟಿ ಡಬ್ಬಿ ಬಂತು.

ಮೂರು ವರ್ಷದ ಹಿಂದಿನ ಮಾತು. ಒಂದು ಹಳೇ ಬಿಸ್ಕತ್ ಡಬ್ಬಿ ಇಟ್ಟು, ಪರೀಕ್ಷೆ ಬಗ್ಗೆ ನಿಮಗೆ ಏನು ಭಯ ಅಂತ ಬರೆದು ಹಾಕಿ, ಹೆಸರು ಬೇಡ ಅಂದೆ. ಲೆಕ್ಕ ಕಷ್ಟ, ಟೈಮ್ ಸಾಲಲ್ಲ ಅಂತ ಬರುತ್ತದೆ ಅಂದುಕೊಂಡಿದ್ದೆ. "ಪೆನ್ನು ಮುಗಿದು ಹೋದರೆ?" "ಅಲ್ಲಿ ನಾಯಿ ಇದೆಯಾ?" "ಬಸ್ ತಪ್ಪಿ ಹೋದರೆ?" "ಅಪ್ಪ ಕುಡಿದು ಬಂದು ಗೇಟ್ ಹತ್ರ ನಿಂತರೆ?" ಲೆಕ್ಕದ ಬಗ್ಗೆ ಬಂದಿದ್ದು ಒಂದೇ ಚೀಟಿ. ಕೊನೆಯದರಲ್ಲಿ ದುಂಡಗಿನ ಅಕ್ಷರದಲ್ಲಿ ಇಷ್ಟೇ ಇತ್ತು: "ಪಾಸಾದರೆ ಏನ್ಮಾಡೋದು ಮಿಸ್? ಅಮ್ಮ ಒಬ್ಬಳೇ ಆಗ್ತಾಳೆ."

ನನಗೆ ಕೂತಲ್ಲೇ ಮಾತು ನಿಂತುಹೋಯಿತು. ನವೋದಯ ಅಂದರೆ ವಸತಿ ಶಾಲೆ. ಊಟ, ಬಟ್ಟೆ, ಪುಸ್ತಕ ಎಲ್ಲ ಉಚಿತ ಅಂತ ನಾವು ಆಸೆಯಿಂದ ಹೇಳುತ್ತೇವೆ. ಆ ಮಗುವಿಗೆ ಅದರಲ್ಲಿ ಕೇಳಿಸಿದ್ದು ಒಂದೇ, ಮನೆ ಬಿಡಬೇಕು. ಫೇಲಾದರೆ ಮಿಸ್‌ಗೆ ಬೇಜಾರು, ಪಾಸಾದರೆ ಅಮ್ಮ ಒಂಟಿ. ಎರಡು ಕಡೆಯಿಂದಲೂ ಸಿಕ್ಕಿಹಾಕಿಕೊಂಡ ಮಗುವಿಗೆ ಹಾಲು ಊದು ಅಂದರೆ ಏನು ಬಂತು?

ಅಕ್ಷರ ಯಾರದ್ದು ಅಂತ ಗೊತ್ತಿತ್ತು. ಆದರೆ ಹೆಸರು ಬೇಡ ಅಂದವಳು ನಾನೇ ತಾನೇ, ಕೇಳಲಿಲ್ಲ. ಎಲ್ಲರಿಗೂ ಒಟ್ಟಿಗೇ ಹೇಳಿದೆ. ಪಾಸಾಗೋದು ಬೇರೆ, ಸೇರೋದು ಬೇರೆ. ಪಾಸಾದ ಮೇಲೆ ಮನೆಯವರೆಲ್ಲ ಕೂತು ಮಾತಾಡಬಹುದು. ಬೇಡ ಅಂತಲೂ ಹೇಳಬಹುದು, ಯಾರೂ ಬೈಯುವುದಿಲ್ಲ. ರಜೆಗೆ ಬಂದಿದ್ದ ಪಕ್ಕದೂರಿನ ನವೋದಯದ ಹುಡುಗನನ್ನು ಒಂದು ದಿನ ಕರೆಸಿದೆ. ಅವನು ಮುಚ್ಚಿಡಲಿಲ್ಲ. "ಮೊದಲ ತಿಂಗಳು ದಿನಾ ರಾತ್ರಿ ಅಳ್ತಿದ್ದೆ. ಆಮೇಲೆ ವಾಲಿಬಾಲ್ ಟೀಮಿಗೆ ಸೇರ್ಕೊಂಡೆ" ಅಂದ. ನನ್ನ ಹತ್ತು ಭಾಷಣಕ್ಕಿಂತ ಆ ಮಾತು ಅವರಿಗೆ ಹತ್ತಿರವಾಯಿತು.

ಆ ಚೀಟಿ ಬರೆದ ಹುಡುಗಿಯ ತಾಯಿಯನ್ನು ಬೇರೆ ಏನೋ ನೆಪದಲ್ಲಿ ಮಾತಾಡಿಸಿದೆ. ಕೂಲಿಗೆ ಹೋಗುವವರು, ಗಂಡ ಇಲ್ಲ. ನವೋದಯದ ಮಾತು ತೆಗೆದ ತಕ್ಷಣ ಸೆರಗಿನ ತುದಿ ಹಿಡಿದುಕೊಂಡು, "ನಂಗೂ ಅದೇ ಭಯ ಮೇಡಂ. ಅವಳ ಮುಂದೆ ಹೇಳಿಲ್ಲ" ಅಂದರು.

ದೊಡ್ಡವರ ಭಯ ಮಕ್ಕಳಿಗೆ ಬೇಗ ಅಂಟುತ್ತದೆ. 2023ರಲ್ಲಿ ಐದನೇ ತರಗತಿಗೆ ಬೋರ್ಡ್ ಮಟ್ಟದ ಪರೀಕ್ಷೆ ಅಂತ ಬಂತಲ್ಲ, ಮಾರ್ಚ್ 13ಕ್ಕೆ ಶುರುವಾಗಬೇಕಾದದ್ದು ಕೋರ್ಟಿಗೆ ಹೋಗಿ 27ಕ್ಕೆ ಶುರುವಾಯಿತು. ಯಾರನ್ನೂ ಫೇಲ್ ಮಾಡುವುದಿಲ್ಲ ಅಂತ ಸರ್ಕಾರವೇ ಹೇಳಿತ್ತು. ಆದರೂ ನಾನು ಗಳಿಗೆಗೊಂದು ಸಲ ಮೊಬೈಲ್ ನೋಡೋದು, ಸಹೋದ್ಯೋಗಿಯ ಹತ್ತಿರ ಪಿಸುಗುಡೋದು. "ಮಿಸ್, ಯಾರಿಗಾದ್ರೂ ಹುಷಾರಿಲ್ವಾ?" ಅಂತ ಒಂದು ಮಗು ಕೇಳಿತು. 2024ರಲ್ಲಿ ಮತ್ತೆ ಎರಡು ಪತ್ರಿಕೆ ಮುಗಿದು ಪರೀಕ್ಷೆ ನಿಂತಾಗ, ಮೊಬೈಲನ್ನು ಬೀರುವಿನಲ್ಲಿಟ್ಟು ಮಕ್ಕಳ ಜೊತೆ ಕುಂಟೆಬಿಲ್ಲೆ ನೋಡುತ್ತಾ ಕೂತೆ.

ಇದೆಲ್ಲ ಎಲ್ಲ ಮಕ್ಕಳಿಗೂ ಹೊಂದುತ್ತದೆ ಅಂತಲ್ಲ. ಹೋದ ವರ್ಷವೂ ಒಬ್ಬನಿಗೆ ಬೆಳಿಗ್ಗೆಯಿಂದ ಹೊಟ್ಟೆನೋವು. ಅವನ ಜೊತೆ ಹೈಸ್ಕೂಲ್ ಮೈದಾನವನ್ನು ಸುಮ್ನೆ ಎರಡು ಸುತ್ತು ಹಾಕಿದೆ, ಮಾತೂ ಇಲ್ಲ. ಒಳಗೆ ಹೋದ. ಕಡಿಮೆ ಆಗಿತ್ತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಗೇಟಿನ ಹತ್ತಿರ ಮಾತ್ರ ಒಂದು ನಿಯಮ ಮಾಡಿದ್ದೇನೆ. ಹೊರಗೆ ಬಂದ ಕೂಡಲೇ "ಎಷ್ಟು ಸರಿ ಮಾಡಿದೆ?" ಅಂತ ಯಾವ ಅಪ್ಪ ಅಮ್ಮನೂ ಕೇಳುವ ಹಾಗಿಲ್ಲ. ಮೊದಲು ಚಿತ್ರಾನ್ನದ ಡಬ್ಬಿ ತೆಗೆಯಬೇಕು. ಸೋಮವಾರದವರೆಗೆ ಪರೀಕ್ಷೆಯ ಸುದ್ದಿ ಇಲ್ಲ.

ಒಂದು ನವೋದಯದಲ್ಲಿ ಆರನೇ ತರಗತಿಗೆ ಹೆಚ್ಚೆಂದರೆ 80 ಸೀಟು, ಬರೆಯೋದು ಇಡೀ ಜಿಲ್ಲೆಯ ಮಕ್ಕಳು. ಎಂಟು ವರ್ಷದಲ್ಲಿ ನಮ್ಮ ಶಾಲೆಯಿಂದ ಆಯ್ಕೆಯಾದವರು ಇಬ್ಬರು.

ಚೀಟಿ ಬರೆದವಳು ಅವತ್ತು ನಗುತ್ತಲೇ ಹೊರಗೆ ಬಂದಳು. ಅಷ್ಟೂ ಪ್ರಶ್ನೆ ಬರೆದಿದ್ದಳಂತೆ. ಬಸ್ಸಿನಲ್ಲಿ ನನ್ನ ಭುಜಕ್ಕೆ ಒರಗಿ ನಿದ್ದೆ ಹೋದಳು. ಲಿಸ್ಟ್ ಬಂದಾಗ ಅವಳ ಹೆಸರಿರಲಿಲ್ಲ. ಸಂಜೆ ಅವಳಮ್ಮ ಫೋನ್ ಮಾಡಿ ಅತ್ತರು. ಬೇಜಾರಿಗೋ ಸಮಾಧಾನಕ್ಕೋ, ನಾನು ಕೇಳಲಿಲ್ಲ.